ಕಿವಿಗೆ ಕಾಣುವ ಚೆಂಡು

ಮುಂದೆ ಓದುವ ಮೊದಲು ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬೇಕೆಂದು ಕೋರುತ್ತೇನೆ. ಪಡಸಾಲೆಯಲ್ಲಿ ಕುರ್ಚಿಯೊಂದರ ಮೇಲೆ ನೆಟ್ಟಗೆ ಕುಳಿತು ಕಣ್ಣಿಗೆ ಟವೆಲು ಕಟ್ಟಿಕೊಳ್ಳಿರಿ. ಮನೆಯವರೊಬ್ಬರು ಬೀಗದ ಕೈಗಳ ಗೊಂಚಲನ್ನು ಹಿಡಿದು, ಹೆಜ್ಜೆಯ ಸಪ್ಪಳವಾಗದಂತೆ ನಡೆಯುತ್ತ, ನಿಮ್ಮ ಸುತ್ತ ಅಲ್ಲಲ್ಲಿ ಅದನ್ನು ಅಲ್ಲಾಡಿಸಲಿ. ಸದ್ದು ಬಂದ ಕಡೆಗೆ ನೀವು ಬೆರಳು ತೋರಿಸಿರಿ. ಎಡಬಲಗಳಲ್ಲಿ ನೀವು ತಪ್ಪುವುದು ಅಪರೂಪ. ಆದರೆ ಗೊಂಚಲು ಮೂಗಿನ ನೇರದಲ್ಲಿಯೇ ಇದ್ದು, ನೆಲದ ಹತ್ತಿರವಿದೆಯೋ ನೆತ್ತಿಯ ಮಟ್ಟದಲ್ಲಿದೆಯೋ ಎಂದು ಕೇಳಿದರೆ ಬೆರಳು ತಡವರಿಸುತ್ತದೆ. ಮುಂದೆ ಆದ ಸದ್ದು ಬೆನ್ನ ಹಿಂದಿನದೆಂದು ತೋರುವುದೂ ಉಂಟು. ಕಿವಿಯ ಈ ಜಾಣತನ, ಕಿವಿಯ ಈ ದೌರ್ಬಲ್ಯ, ಇವೆರಡನ್ನೂ ಲೆಕ್ಕಕ್ಕೆ ಹಿಡಿದು ಕಟ್ಟಿದ ಆಟವೊಂದಿದೆ. ಅದು ಅಂಧರ ಕ್ರಿಕೆಟ್.

ಈ ಆಟ ಹುಟ್ಟಿದುದು 1922ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ. ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇಬ್ಬರು ಅಂಧರು ತಗಡಿನ ಡಬ್ಬಿಯೊಳಗೆ ಕಲ್ಲುಹರಳು ಹಾಕಿ ಅದನ್ನೇ ಚೆಂಡು ಮಾಡಿಕೊಂಡರಂತೆ. ಈಗ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬಳಕೆಯಾಗುವುದು ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿಯ ಚೆಂಡು. ಒಳಗೆ ಉಕ್ಕಿನ ಸಣ್ಣ ಗುಂಡುಗಳಿರುತ್ತವೆ. ಈ ಆಟದ ಚರಿತ್ರೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. 2012ರಲ್ಲಿ ಅಂಧರ ಮೊದಲ ಟಿ-20 ವಿಶ್ವಕಪ್ ಬೆಂಗಳೂರಿನಲ್ಲಿಯೇ ನಡೆಯಿತು. ಗೆದ್ದ ಭಾರತ ತಂಡದ ನಾಯಕರು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪನ್ನು 2025ರ ನವೆಂಬರಿನಲ್ಲಿ ಕೊಲಂಬೋದಲ್ಲಿ ನೇಪಾಳವನ್ನು ಸೋಲಿಸಿ ಗೆದ್ದ ಭಾರತ ತಂಡಕ್ಕೂ ನಾಯಕಿಯಾಗಿದ್ದವರು ಕರ್ನಾಟಕದ ಪರವಾಗಿ ಆಡಿ ಬಂದ ದೀಪಿಕಾ ಟಿ. ಸಿ.

ಇಷ್ಟೆಲ್ಲ ಬೆಂಗಳೂರಿನ ಮಾತಾಯಿತು. ಸಿಂಧನೂರಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ನನಗೆ ಈ ಆಟದ ಪರಿಚಯವಾದುದು ನಮ್ಮ ಕಾಲೇಜಿನ ಕಲಾ ವಿಭಾಗಕ್ಕೆ ಸೇರಿದ ಒಬ್ಬ ಹುಡುಗನಿಂದ. ಅವನದು ಮಸ್ಕಿಯ ಆಚೆಯ ಒಂದು ಹಳ್ಳಿ. ಹುಟ್ಟಿನಿಂದ ಪೂರ್ಣ ಅಂಧ. ಅಂಧರ ಶಾಲೆಯಲ್ಲಿದ್ದಾಗ ಕ್ರಿಕೆಟ್ ಕಲಿತು, ಊರಿಗೆ ಮರಳಿದ ಮೇಲೆ ಆಡಲು ಜೊತೆಯಿಲ್ಲದೆ ಕೈಬಿಟ್ಟಿದ್ದ. "ಕಣ್ಣಿಲ್ಲದವ ಏನು ಆಡ್ಯಾನು" ಎಂದು ಮನೆಯ ಹಿರಿಯರು ಅಂದದ್ದನ್ನು ಅವನು ನಗುತ್ತಲೇ ಹೇಳಿದ. ಹಳೆಯ ಚೆಂಡೊಂದು ಅವನ ಪೆಟ್ಟಿಗೆಯಲ್ಲಿ ಉಳಿದಿತ್ತು. ಅದನ್ನು ನನ್ನ ಕೈಗೆ ಕೊಟ್ಟು ಅಲ್ಲಾಡಿಸಿ ನೋಡಲು ಹೇಳಿದ.

ಆ ಸದ್ದು ಎಲ್ಲಿಂದ ಬಂತೆಂಬುದನ್ನು ಕಿವಿ ಹೇಗೆ ಅರಿಯುತ್ತದೆ? ನಮ್ಮ ಎರಡು ಕಿವಿಗಳ ನಡುವಣ ಅಂತರ ಹೆಚ್ಚುಕಡಿಮೆ 17 ಸೆಂಟಿಮೀಟರು. ಗಾಳಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇರುವಾಗ ಶಬ್ದ ಸೆಕೆಂಡಿಗೆ 343 ಮೀಟರು ಸಾಗುತ್ತದೆ. ಬಲಗಡೆ ನೇರವಾಗಿ ಹುಟ್ಟಿದ ಸದ್ದು ಮೊದಲು ಬಲಗಿವಿಯನ್ನು ಮುಟ್ಟಿ, ತಲೆಯನ್ನು ಬಳಸಿಕೊಂಡು ಎಡಗಿವಿಗೆ ತಲಪುವಾಗ ಸೆಕೆಂಡಿನ ಸಾವಿರದಲ್ಲೊಂದು ಅಂಶಕ್ಕಿಂತಲೂ ಕಡಿಮೆ, ಅಂದರೆ ಸುಮಾರು 0.65 ಮಿಲಿಸೆಕೆಂಡು, ತಡವಾಗುತ್ತದೆ. ಸದ್ದು ಮೂಗಿನ ನೇರಕ್ಕಿದ್ದರೆ ತಡವೇ ಇಲ್ಲ. ನೇರದಿಂದ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ಸರಿದರೆ ತಡವು ಸೆಕೆಂಡಿನ ಲಕ್ಷದಲ್ಲೊಂದು ಅಂಶಕ್ಕೆ ಹತ್ತಿರವಾಗುತ್ತದೆ. ಇಷ್ಟು ಸೂಕ್ಷ್ಮವಾದ ಕಾಲವನ್ನು ನಮ್ಮ ಮಿದುಳು ಗುರುತಿಸುತ್ತದೆ ಎಂದರೆ ನಂಬುವುದು ಕಷ್ಟ. ಆದರೂ ಇದು ನಿಜ. ತಲೆಯ ಮುಂಭಾಗದಲ್ಲಿ ಮನುಷ್ಯನ ಕಿವಿ ಗುರುತಿಸಬಲ್ಲ ಅತಿ ಕಡಿಮೆ ಕೋನ ಸುಮಾರು ಒಂದು ಡಿಗ್ರಿ ಎಂದು ಮಿಲ್ಸ್ ಎಂಬ ವಿಜ್ಞಾನಿ 1958ರಲ್ಲಿ ಅಳೆದು ತೋರಿಸಿದನು.

ಕಾಲವ್ಯತ್ಯಾಸವೊಂದೇ ಅಲ್ಲದೆ ಇನ್ನೊಂದು ಸುಳಿವೂ ಇದೆ. ಸೆಕೆಂಡಿಗೆ 5000 ಕಂಪನಗಳಿರುವ ಕೀಚುದನಿಯ ಅಲೆಯುದ್ದ ಸುಮಾರು 7 ಸೆಂಟಿಮೀಟರು ಮಾತ್ರ. ಅದಕ್ಕಿಂತ ದೊಡ್ಡದಾದ ತಲೆ ಇಂತಹ ಅಲೆಗೆ ಅಡ್ಡ ನಿಂತು ಆಚೆಯ ಕಿವಿಯ ಮೇಲೆ 'ನೆರಳು' ಬೀಳಿಸುತ್ತದೆ. ಆದುದರಿಂದ ಒಂದು ಕಿವಿಗೆ ಸದ್ದು ಜೋರು, ಇನ್ನೊಂದಕ್ಕೆ ಮೆಲ್ಲಗೆ. ತಗ್ಗುದನಿಗಳಲ್ಲಿ ಕಾಲವ್ಯತ್ಯಾಸ, ಏರುದನಿಗಳಲ್ಲಿ ಈ ನೆರಳು, ಎರಡೂ ಕೂಡಿ ದಿಕ್ಕನ್ನು ಹೇಳುತ್ತವೆ ಎಂಬ ಸಿದ್ಧಾಂತವನ್ನು ಲಾರ್ಡ್ ರ‍್ಯಾಲೆ 1907ರಲ್ಲಿಯೇ ಮಂಡಿಸಿದ್ದನು. ಉಕ್ಕಿನ ಗುಂಡುಗಳು ಪ್ಲಾಸ್ಟಿಕ್ಕಿಗೆ ಬಡಿದಾಗ ಹುಟ್ಟುವ ಗಲಗಲ ಸದ್ದಿನಲ್ಲಿ ಬಗೆಬಗೆಯ ದನಿಗಳು ಬೆರೆತಿರುವುದರಿಂದ ಕಿವಿಗೆ ಎರಡು ಸುಳಿವುಗಳೂ ದೊರೆಯುತ್ತವೆ. ಒಂದೇ ಸ್ವರದಲ್ಲಿ ಕೂಗುವ ಚೆಂಡು ಇಷ್ಟು ಚೆನ್ನಾಗಿ 'ಕಾಣುತ್ತಿರಲಿಲ್ಲ'.

ಈಗ ಲೆಕ್ಕಕ್ಕೆ ಬರೋಣ. ವಿಕೆಟ್ಟಿನಿಂದ ವಿಕೆಟ್ಟಿಗೆ 22 ಗಜ, ಅಂದರೆ 20 ಮೀಟರಿಗಿಂತ ತುಸು ಹೆಚ್ಚು. ಅಷ್ಟು ದೂರದಲ್ಲಿ ಒಂದು ಡಿಗ್ರಿ ಎಂದರೆ 35 ಸೆಂಟಿಮೀಟರು. 6 ಮೀಟರು ದೂರದಲ್ಲಿ ಸುಮಾರು ಹತ್ತೂವರೆ ಸೆಂಟಿಮೀಟರು. ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂಟಿಮೀಟರು ಎಂಬುದನ್ನು ನೆನೆಯಿರಿ. ಎಂದರೆ ಚೆಂಡು 6 ಮೀಟರಿನೊಳಗೆ ಬಂದ ಮೇಲೆಯೇ ಅದರ ನೆಲೆ ಬ್ಯಾಟಿನ ಅಗಲದಷ್ಟು ಖಚಿತವಾಗುತ್ತದೆ. ಚೆಂಡು ಗಂಟೆಗೆ 54 ಕಿಲೋಮೀಟರು ವೇಗದಲ್ಲಿ ಬರುತ್ತಿದೆಯೆಂದು ಇಟ್ಟುಕೊಂಡರೆ ಉಳಿದ ಸಮಯ 0.4 ಸೆಕೆಂಡು. ಇದಾದರೂ ನಿಂತ ಸದ್ದಿನ ಲೆಕ್ಕ. ಚಲಿಸುವ ಸದ್ದಿನ ವಿಷಯದಲ್ಲಿ ಕಿವಿಯ ತೀರ್ಪು ಇನ್ನಷ್ಟು ಒರಟು. ಮೇಲಾಗಿ, 20 ಮೀಟರು ದೂರದ ಸದ್ದು ಕಿವಿಗೆ ಬರುವಷ್ಟರಲ್ಲಿ ಚೆಂಡು ಮುಕ್ಕಾಲು ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ. ಆಟಗಾರ ಕೇಳುವುದು ಯಾವಾಗಲೂ ಚೆಂಡು ಇದ್ದ ಜಾಗವನ್ನು, ಇರುವ ಜಾಗವನ್ನಲ್ಲ.

ಇಷ್ಟು ತಿಳಿದರೆ ಆಟದ ನಿಯಮಗಳ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಬೌಲರನು ಕೈಯನ್ನು ಭುಜದ ಕೆಳಗಿನಿಂದಲೇ ಬೀಸಿ ಎಸೆಯಬೇಕು. ಚೆಂಡು ಪಿಚ್ಚಿನ ನಡುಗೆರೆಗೆ ಮೊದಲೇ ಒಮ್ಮೆಯಾದರೂ ನೆಲಕ್ಕೆ ಬೀಳಬೇಕು. ಇದು ಅಂಧರ ಮೇಲಿನ ಕನಿಕರದಿಂದ ಆಟವನ್ನು ಸುಲಭ ಮಾಡಿದುದಲ್ಲ. ಕಿವಿಗಳೆರಡೂ ಒಂದೇ ಮಟ್ಟದಲ್ಲಿರುವುದರಿಂದ ಎತ್ತರ ತಗ್ಗುಗಳನ್ನು ಅವು ಸರಿಯಾಗಿ ಹೇಳಲಾರವು ಎಂಬುದನ್ನು ಬೀಗದ ಕೈ ಪ್ರಯೋಗದಲ್ಲಿ ಕಂಡಿರಷ್ಟೆ. ನಿಯಮವು ಚೆಂಡನ್ನು ನೆಲದ ಬಳಿಯೇ ಇರಿಸಿ, ಬಿಡಿಸಲಾಗದ ಆ ಅಜ್ಞಾತ ರಾಶಿಯನ್ನು ಸಮೀಕರಣದಿಂದಲೇ ತೆಗೆದುಹಾಕುತ್ತದೆ. ಉಳಿಯುವುದು ಎಡಬಲದ ಪ್ರಶ್ನೆ. ಅದಕ್ಕೆ ಆಟಗಾರರು ತಾವೇ ಕಂಡುಕೊಂಡ ಉತ್ತರ ಇನ್ನೂ ಸೊಗಸಾಗಿದೆ. ಮಂಡಿಯೂರಿ ಬ್ಯಾಟನ್ನು ನೆಲಕ್ಕೆ ಅಡ್ಡಲಾಗಿ ಬೀಸುವ 'ಸ್ವೀಪ್' ಹೊಡೆತವೇ ಇಲ್ಲಿ ಮುಖ್ಯ. ಆಗ ಅರ್ಧ ಮೀಟರಿಗೂ ಉದ್ದವಾದ ಬ್ಯಾಟಿನ ಹಲಗೆ ಸಂದೇಹವಿರುವ ಎಡಬಲದ ದಿಕ್ಕಿಗೆ ಹರಡಿಕೊಳ್ಳುತ್ತದೆ. ಅದರ ಕಿರಿದಾದ ಅಗಲ, ಸಂದೇಹವಿಲ್ಲದ ಎತ್ತರದ ದಿಕ್ಕಿಗೆ ಸಾಕಾಗುತ್ತದೆ. ಭೌತಶಾಸ್ತ್ರ ಓದಿದವನು ಕಾಗದದ ಮೇಲೆ ಲೆಕ್ಕ ಹಾಕಿದ್ದರೂ ಇದಕ್ಕಿಂತ ಮೇಲಾದುದನ್ನು ಸೂಚಿಸಲಾರ.

ನೆಲಚೆಂಡಿಗೆ ಇನ್ನೊಂದು ಕಾರಣವನ್ನೂ ಹೇಳಬಹುದು. ಗಾಳಿಯಲ್ಲಿ ಹಾರುವ ಚೆಂಡೂ ಅದರೊಳಗಿನ ಗುಂಡುಗಳೂ ಒಂದೇ ಗುರುತ್ವಕ್ಕೆ ಒಳಗಾಗಿ ಜೊತೆಯಾಗಿ ಬೀಳುತ್ತವೆ. ಗುಂಡುಗಳು ಗೋಡೆಯನ್ನು ಬಡಿಯುವುದು ತಗ್ಗಿ ಸದ್ದೂ ತಗ್ಗುತ್ತದೆ. ಉರುಳುವಾಗ, ಪುಟಿಯುವಾಗ ಗಲಗಲವೆನ್ನುತ್ತದೆ. ನಿಂತೊಡನೆ ಚೆಂಡು ಮೂಕ. ಸಿಂಧನೂರಿನ ಎರೆ ನೆಲದಲ್ಲಿ ಇದನ್ನು ಚೆನ್ನಾಗಿ ಕಲಿತೆವು. ಬೇಸಗೆಯಲ್ಲಿ ಎರೆ ಬಾಯ್ಬಿಟ್ಟು ಬಿರಿಯುತ್ತದೆ. ಚೆಂಡು ಬಿರುಕಿಗೆ ಬಿದ್ದು ಸುಮ್ಮನಾಯಿತೆಂದರೆ ಫೀಲ್ಡ್ ಮಾಡುವ ಹುಡುಗ ಅದರ ಪಕ್ಕದಲ್ಲಿಯೇ ಕೈಯಾಡಿಸುತ್ತಿದ್ದರೂ ಸಿಗದು. ಗಟ್ಟಿಯಾದ ಮಸಾರಿ ನೆಲದಲ್ಲಿ ಸದ್ದು ಸ್ಫುಟ, ಓಟ ಸಲೀಸು. ಇನ್ನು ನಮ್ಮ ಸೀಮೆಯ ಬಿಸಿಲು ಶಬ್ದದ ವೇಗವನ್ನು ಕೆಡಿಸದೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. 40 ಡಿಗ್ರಿಯಲ್ಲಿ ವೇಗ ಸುಮಾರು 355 ಮೀಟರಿಗೆ ಏರುತ್ತದೆ. ವ್ಯತ್ಯಾಸ ನೂರಕ್ಕೆ ಮೂರೂವರೆಯಷ್ಟು. ಕಿವಿಗೆ ಅದು ಲೆಕ್ಕಕ್ಕಿಲ್ಲ. ಬಿಸಿಲು ಆಟಗಾರನನ್ನು ಕಾಡುತ್ತದೆಯೇ ಹೊರತು ಶಬ್ದವನ್ನಲ್ಲ.

ಗದ್ದಲದ ಮಾತು ಹಾಗಲ್ಲ. ಮೂಲದಿಂದ ದೂರ ಎರಡರಷ್ಟಾದರೆ ಸದ್ದಿನ ತೀವ್ರತೆ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. 5 ಮೀಟರಿನಲ್ಲಿ ಕೇಳುವ ಚೆಂಡು 20 ಮೀಟರಿನಲ್ಲಿ ಹದಿನಾರನೆಯ ಒಂದಂಶ ತೀವ್ರತೆಯದು. ಈ ಕ್ಷೀಣವಾದ ಮೊದಲ ಸದ್ದನ್ನು ಮುಚ್ಚಿಹಾಕಲು ರಸ್ತೆಯ ಮೇಲಿನ ಒಂದು ಟ್ರ್ಯಾಕ್ಟರು ಸಾಕು. ಬೌಲರನು "ರೆಡಿ?" ಎಂದು ಕೇಳಿ, ಬ್ಯಾಟುಗಾರನು ಹೂಂಗುಟ್ಟಿದ ಮೇಲೆ, "ಪ್ಲೇ" ಎನ್ನುತ್ತ ಚೆಂಡು ಬಿಡುತ್ತಾನೆ, ಆಗ ಮೈದಾನವಿಡೀ ಸುಮ್ಮನಿರಬೇಕು. ನೋಡುವವರ ಮೌನವೂ ಈ ಆಟದ ಸಲಕರಣೆಗಳಲ್ಲೊಂದು. ಕೆಲವು ವರ್ಷಗಳ ಹಿಂದೆ, ಡಿಸೆಂಬರ್ 3ರ ವಿಕಲಚೇತನರ ದಿನದ ಸಮಾರಂಭವೊಂದರಲ್ಲಿ ಅಂಧ ಮಕ್ಕಳ ಓಟ ನಡೆಯುವಾಗಲೇ ಧ್ವನಿವರ್ಧಕದಲ್ಲಿ ಹಾಡು ಹಾಕಿದ್ದನ್ನು ಕಂಡಿದ್ದೇನೆ. ಗುರಿಯ ಬಳಿ ನಿಂತು ಚಪ್ಪಾಳೆ ತಟ್ಟಿ ಕರೆಯುತ್ತಿದ್ದ ಮಾಸ್ತರರ ದನಿ ಅದರಲ್ಲಿ ಮುಳುಗಿತು. ಹುಡುಗನೊಬ್ಬ ಓಟದ ಹಾದಿ ಬಿಟ್ಟು ಕುರ್ಚಿಗಳ ಸಾಲಿಗೆ ನುಗ್ಗಿದ. ಜನ ಅಯ್ಯೋ ಎಂದರು. ಅವನಿಗೂ ಬಹುಮಾನ ಕೊಟ್ಟು ಕಳಿಸಿದರು. ಹಾಡನ್ನು ನಿಲ್ಲಿಸಬೇಕೆಂದು ಅಲ್ಲಿ ಯಾರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲವೆಂದು ಒಪ್ಪಿಕೊಳ್ಳಬೇಕು.

ದೇವರು ಕಣ್ಣು ಕಿತ್ತುಕೊಂಡು ಕಿವಿ ಚುರುಕು ಮಾಡಿದ್ದಾನೆ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಇದು ಅರ್ಧ ಸತ್ಯ. ಅಂಧರ ಕಿವಿ ಎಂಬ ಯಂತ್ರ ಉಳಿದವರದಕ್ಕಿಂತ ಬೇರೆಯಲ್ಲ. ಬೇರೆಯಾಗುವುದು ಅದನ್ನು ಬಳಸುವ ಮಿದುಳು. ಎಳವೆಯಿಂದ ಕಣ್ಣಿಲ್ಲದವರಲ್ಲಿ, ನೋಟದ ಕೆಲಸಕ್ಕೆಂದಿರುವ ಮಿದುಳಿನ ಹಿಂಭಾಗವು ಶಬ್ದವನ್ನು ಗ್ರಹಿಸುವ ಕೆಲಸಕ್ಕೆ ತೊಡಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಅದರ ಮೇಲೆ ದಿನದಿನದ ಅಭ್ಯಾಸ ಬೇಕು. ಬರಿಯ ವರವಾಗಿದ್ದರೆ ತರಬೇತಿಯೇ ಬೇಕಿರಲಿಲ್ಲ. ವರುಷಕ್ಕೊಂದು ದಿನ ನಿಂಬೆಹಣ್ಣು ಚಮಚದ ಓಟ ಓಡಿಸಿದರೆ ಸಾಕಾಗುತ್ತಿತ್ತು.

ತರಬೇತಿಯೆಂದರೂ ಕಲಿಸುವವನಿಗೆ ವಿಷಯ ಗೊತ್ತಿರಬೇಕು. ನನ್ನ ತಪ್ಪನ್ನೇ ಹೇಳುತ್ತೇನೆ. ದೂರದ ಸದ್ದನ್ನು ಕೇಳುವಾಗ ನಾವೆಲ್ಲ ಒಂದು ಕಿವಿಯನ್ನು ಅತ್ತ ತಿರುಗಿಸುತ್ತೇವಷ್ಟೆ. ಹುಡುಗನಿಗೂ ಬಲಗಿವಿಯನ್ನು ಬೌಲರನತ್ತ ಒಡ್ಡಿ ನಿಲ್ಲು ಎಂದೆ. ಎರಡು ದಿನ ನನ್ನ ಮರ್ಯಾದೆಗೆ ಹಾಗೆಯೇ ನಿಂತು ಚೆಂಡು ತಪ್ಪಿಸಿಕೊಂಡ. ಮೂರನೆಯ ದಿನ, "ಸರ್, ಹಂಗ ನಿಂತ್ರ ಸಪ್ಪಳ ದೊಡ್ಡದಾಗಿ ಕೇಳಸ್ತದ, ಆದ್ರ ಚೆಂಡು ಎಲ್ಲದ ಅಂತ ಗೊತ್ತಾಗಂಗಿಲ್ಲ" ಎಂದ. ಅವನ ಮಾತೇ ಸರಿ. ಮುಂದುಗಡೆ ಒಂದು ಡಿಗ್ರಿಯಷ್ಟಿರುವ ಕಿವಿಯ ಸೂಕ್ಷ್ಮತೆ, ಪಕ್ಕಕ್ಕೆ ಹೋದಂತೆ ಹಲವು ಪಟ್ಟು ಒರಟಾಗುತ್ತದೆ. ಜೋರಾಗಿ ಕೇಳುವುದು ಬೇರೆ, ದಿಕ್ಕು ತಿಳಿಯುವುದು ಬೇರೆ. ಮೂಗು ಬೌಲರನ ನೇರಕ್ಕಿರಬೇಕು. ಅಂದಿನಿಂದ ಅವನು ತನ್ನಂತೆಯೇ ನಿಂತ. ಪುಸ್ತಕದಲ್ಲಿದ್ದುದನ್ನು ನಾನು ಆಮೇಲೆ ಹೋಗಿ ನೋಡಿದೆ. ನಮ್ಮ ಕಣ್ಣುಳ್ಳ ವಿದ್ಯಾರ್ಥಿಗಳೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬ್ಯಾಟು ಹಿಡಿದರು. ಮೊದಲ ದಿನ ಒಬ್ಬನಿಗೂ ಚೆಂಡು ತಾಗಲಿಲ್ಲ. ಆ ದಿನದಿಂದ ಅವರು ಹುಡುಗನ ಕೈಹಿಡಿದು ನಡೆಸುವುದನ್ನು ಕಡಿಮೆ ಮಾಡಿ, ಅವನಿಗೆ ಬೌಲ್ ಮಾಡುವುದನ್ನು ಹೆಚ್ಚು ಮಾಡಿದರು.

ಒಬ್ಬನಿಂದ ತಂಡವಾಗದು. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಉಳಿದವರು ಅಲ್ಪಸ್ವಲ್ಪ ದೃಷ್ಟಿಯುಳ್ಳವರು. ಪೂರ್ಣ ಅಂಧ ಆಟಗಾರ ಹೊಡೆದ ಓಟಗಳು ಎರಡರಷ್ಟಾಗಿ ಎಣಿಕೆಯಾಗುತ್ತವೆ. ಅವನ ಬದಲು ಓಡಲು ಇನ್ನೊಬ್ಬನಿರುತ್ತಾನೆ. ಅವನು ಒಂದು ಪುಟಿತದ ನಂತರ ಹಿಡಿದರೂ ಕ್ಯಾಚೇ. ಆದುದರಿಂದ ಪೂರ್ಣ ಅಂಧನನ್ನು ಲೆಕ್ಕ ಭರ್ತಿಗಾಗಿ ಮೂಲೆಯಲ್ಲಿ ನಿಲ್ಲಿಸಿ ಗೆಲ್ಲುವಂತಿಲ್ಲ. ಇಷ್ಟು ಮಂದಿ ಒಂದೇ ಊರಿನಲ್ಲಿ ಸಿಗುವುದು ದುರ್ಲಭ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರನ್ನೂ ಕೂಡಿಸಿದರೆ ಸಿಕ್ಕಾರು. ಮೂರೂ ಒಂದೇ ಹೆದ್ದಾರಿಯ ಮೇಲಿನ ಊರುಗಳು. ಅಶೋಕನ ಹೆಸರುಳ್ಳ ಶಾಸನ 1915ರಲ್ಲಿ ದೊರೆತ ಮಸ್ಕಿ ನಡುವೆ ಇದೆ. ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಎಂತಹ ಮಗುವಿದೆಯೆಂಬುದು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತು. ವಿಕಲಚೇತನರ ಹಕ್ಕುಗಳ 2016ರ ಕಾಯಿದೆ ತನ್ನ 30ನೆಯ ಕಲಮಿನಲ್ಲಿ ಕ್ರೀಡೆಯಲ್ಲಿ ಅವರು ಪಾಲುಗೊಳ್ಳುವಂತೆ ಮಾಡುವುದು ಸರ್ಕಾರದ ಹೊಣೆಯೆಂದೇ ಹೇಳಿದೆ. ಬೇಕಾದುದು ವಾರಕ್ಕೊಂದು ಬೆಳಗು, ಒಂದು ಗಟ್ಟಿ ನೆಲ, ಎರಡು ಚೆಂಡು. ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಒಪ್ಪುವುದು ಇದಕ್ಕಿಂತ ಕಷ್ಟದ ಕೆಲಸ; ಲಿಂಗಸುಗೂರು ಕಡೆಯ ಹುಡುಗಿಯೊಬ್ಬಳ ತಂದೆ, ಕೊಲಂಬೋದ ಸುದ್ದಿ ಕೇಳಿದ ಮೇಲೆ, ತಾನೂ ಜೊತೆಗೆ ಬರುವುದಾದರೆ ಆಗಬಹುದು ಎಂದಿದ್ದಾನೆ.

ಮಸ್ಕಿಯಲ್ಲಿ ಆಡಿದ ಮೊದಲ ಬೆಳಗು ನಾವು ಕೂಡಿದ್ದುದು ಏಳೇ ಮಂದಿ. ಮೈದಾನದ ಅಂಚಿನಲ್ಲಿ ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಬಂದು ನಿಂತಿತು. ಅದರ ಚಾಲಕ ಎಂಜಿನ್ನನ್ನು ಆಡಲು ಬಿಟ್ಟು ನೋಡುತ್ತ ಕುಳಿತ. ಹುಡುಗ ಎರಡು ಚೆಂಡು ತಪ್ಪಿದ. ನಮ್ಮವನೊಬ್ಬ ಹೋಗಿ ಕಾರಣ ಹೇಳಿದ. ಚಾಲಕ ಎಂಜಿನ್ ಆರಿಸಿ, ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತ. ಮುಂದಿನ ಚೆಂಡು ಸ್ವೀಪಿಗೆ ಸಿಕ್ಕಿ ಅವನ ಟ್ರ್ಯಾಕ್ಟರಿನ ಗಾಲಿಯವರೆಗೂ ಗಲಗಲವೆಂದು ಉರುಳುತ್ತ ಹೋಯಿತು.