ದಾಳ ಬಿದ್ದ ಮೇಲೆ ಏಳುವ ಜಗಳ

ಚೌಕಾಬಾರ ಆಡಿದವರಿಗೆಲ್ಲ ಈ ಜಗಳ ಗೊತ್ತು. ಒಬ್ಬರ ಮನೆಯಲ್ಲಿ ಎದುರಿನವರ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಪಕ್ಕದ ಮನೆಯಲ್ಲಿ ಧಾರಾಳವಾಗಿ ಹೋಗಬಹುದು. ಒಂದು ಕಡೆ ಸಾಲಾಗಿ ಮೂರು ಸಲ ಚೌಕ ಬಿದ್ದರೆ ಮೂರೂ ರದ್ದು, ಇನ್ನೊಂದು ಕಡೆ ಅದೇ ದೊಡ್ಡ ನಸೀಬು. ನಮ್ಮ ಕಡೆಯ ಮುಡಬಿಯಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭಜ್ಜಿ, ರೊಟ್ಟಿ, ಕಡುಬು ಉಂಡು ಬೇವಿನ ಮರದ ಕೆಳಗೆ ಮನೆ ಬರೆದು ಕೂತರೆ, ಮೊದಲ ಅರ್ಧ ತಾಸು "ನಮ್ ಕಡೆ ಹಿಂಗಿಲ್ಲರೀ" ಅನ್ನುವುದರಲ್ಲೇ ಹೋಗುತ್ತದೆ. ಕಮಲಾಪುರದಿಂದ ಬಂದ ಬೀಗರದು ಒಂದು ಲೆಕ್ಕ, ಉಮರ್ಗಾದಿಂದ ಬಂದ ಸೊಸೆಯದು ಇನ್ನೊಂದು.

ಆಟದ ನಿಯಮ ಬರೆದಿಡುವ ಚಟ ನಮ್ಮ ತಾಲ್ಲೂಕಿಗೆ ಹೊಸದೇನಲ್ಲ. ಇಲ್ಲಿಯೇ ಕಲ್ಯಾಣದಲ್ಲಿ ಕೂತು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದ 'ಮಾನಸೋಲ್ಲಾಸ' ಬರೆಸಿದಾಗ, ಅಡುಗೆ, ಆನೆ, ಸಂಗೀತದ ಜೊತೆಗೆ ಚದುರಂಗ, ಪಗಡೆ, ಕವಡೆಯಾಟಗಳಿಗೂ ಜಾಗ ಕೊಟ್ಟ. ರಾಜ್ಯ ಆಳುವವನಿಗೂ ಕವಡೆ ಹೇಗೆ ಬಿದ್ದರೆ ಏನು ಎಂಬುದು ಬರಹದಲ್ಲಿ ಬೇಕಿತ್ತು ಎನ್ನುವುದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಈಗ ನಾನು ಪರಿಚಯಿಸುವ ಆಟಕ್ಕೆ ಬರೋಣ. ಇಂಗ್ಲಿಷಿನಲ್ಲಿ ರೋಲ್‌ಪ್ಲೇಯಿಂಗ್ ಗೇಮ್ ಅನ್ನುತ್ತಾರೆ, ನಾವು ಪಾತ್ರದಾಟ ಅನ್ನೋಣ. ನಾಲ್ಕೈದು ಮಂದಿ ಸುತ್ತ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ: ಕತ್ತಿವೀರ, ಮಂತ್ರವಾದಿ, ಕಳ್ಳ, ವೈದ್ಯೆ. ಇನ್ನೊಬ್ಬರು ಕಥೆ ನಡೆಸುತ್ತಾರೆ. ದೊಡ್ಡಾಟದಲ್ಲಿ ರಂಗಕ್ಕೆ ಬಂದ ಪಾತ್ರವನ್ನು "ತಾವು ಯಾರು, ಬಂದ ಕಾರಣವೇನು" ಎಂದು ಮಾತಾಡಿಸುವ ಸಾರಥಿ ಇರುತ್ತಾನಲ್ಲ, ಹೆಚ್ಚುಕಡಿಮೆ ಅವನ ಕೆಲಸ. ಅದಕ್ಕೇ ನಾನು ಗೇಮ್ ಮಾಸ್ಟರ್ ಎಂಬ ಮಾತನ್ನು ಬಿಟ್ಟು ಸಾರಥಿ ಎಂದೇ ಕರೆಯುತ್ತೇನೆ. "ಕೋಟೆಯ ಬಾಗಿಲಲ್ಲಿ ಕಾವಲುಗಾರ ನಿಂತಿದ್ದಾನೆ, ಏನು ಮಾಡ್ತೀರಿ?" ಎಂದು ಸಾರಥಿ ಕೇಳುತ್ತಾನೆ. ಆಡುವವರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದ ಕಡೆ ದಾಳ ಬೀಳುತ್ತದೆ. ಇಷ್ಟೇ ಆಟ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳ ಪೆಟ್ಟಿಗೆಯಾಗಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಜಾತಿಯ ಆಟಗಳ ಹಿರಿಯಣ್ಣ.

ಹೊಸಬರು ಮೊದಲು ಕೇಳುವ ಪ್ರಶ್ನೆ ದಾಳದ್ದು. ಯಾವ ದಾಳವಾದರೇನು ಅನ್ನಿಸುತ್ತದೆ. ಹಾಗಲ್ಲ, ಸ್ವಲ್ಪ ನಿಂತು ನೋಡಿ. ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬಿಳಿ ಮಾಡಿ, ಅಂಥ ನಾಲ್ಕನ್ನು ಒಗೆದರೆ 16 ಬಗೆಯಲ್ಲಿ ಬೀಳಬಹುದು. ಎರಡು ಬಿಳಿ ಬರುವ ಬಗೆ 6. ಒಂದು ಬರುವ ಬಗೆ 4, ಮೂರು ಬರುವುದೂ 4. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಎಂಟು; ಇವೆರಡಕ್ಕೂ ಒಂದೊಂದೇ ದಾರಿ. ಅಪರೂಪಕ್ಕೆ ಬೀಳುವ ಈ ಎರಡಕ್ಕೇ ಮತ್ತೊಂದು ಸರದಿಯ ಬಹುಮಾನ ಇಟ್ಟವರು ಹೆಸರಿಲ್ಲದ ಯಾರೋ ಅಜ್ಜಿ ಇರಬೇಕು, ಆದರೆ ಲೆಕ್ಕ ಬಲ್ಲ ಅಜ್ಜಿ. (ಬೀಜ ಸಮನಾಗಿ ತಿಕ್ಕಿರದಿದ್ದರೆ ಈ ಲೆಕ್ಕ ವಾಲುತ್ತದೆ. ವಾಲುವ ಬೀಜ ಯಾರ ಜೇಬಿನಲ್ಲಿದೆ ಎಂಬುದು ಓಣಿಗೆಲ್ಲ ಗೊತ್ತಿರುತ್ತದೆ.)

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮುಖ್ಯ ದಾಳಕ್ಕೆ 20 ಮುಖ. ಒಂದು ಬರುವುದೂ ಇಪ್ಪತ್ತು ಬರುವುದೂ ನೂರಕ್ಕೆ ಐದೇ ಸಲ. ಹತ್ತು ಬರುವುದೂ ಅಷ್ಟೇ. ಹೀಗಾಗಿ ಪಳಗಿದ ಕತ್ತಿವೀರನೂ ಆಗಾಗ ತನ್ನ ಕಾಲ ಮೇಲೆ ತಾನೇ ಕತ್ತಿ ಹಾಕಿಕೊಳ್ಳುತ್ತಾನೆ. 1986ರ 'ಗರ್ಪ್ಸ್' ಎಂಬ ಆಟದಲ್ಲಿ ಆರು ಮುಖದ ಮೂರು ದಾಳ ಒಗೆದು ಕೂಡಿಸುತ್ತಾರೆ. ಅಲ್ಲಿ 216 ಬಗೆಗಳಲ್ಲಿ ಹತ್ತು ಬರುವುದು 27 ಸಲ, ಹದಿನೆಂಟು ಬರುವುದು ಒಂದೇ ಸಲ. ಬಲ್ಲವನು ಬಲ್ಲವನಂತೆಯೇ ನಡೆದುಕೊಳ್ಳುತ್ತಾನೆ. ಯಾವುದು ಒಳ್ಳೆಯದು? ನಗು, ಗದ್ದಲ ಬೇಕಾದರೆ ಇಪ್ಪತ್ತು ಮುಖದ್ದು. ಕಲಿತ ವಿದ್ಯೆ ಕೈಬಿಡಬಾರದು ಅಂದರೆ ಮೂರು ದಾಳ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೆಯ ಆವೃತ್ತಿ ಒಂದು ಸರಳ ಉಪಾಯ ತಂದಿತು: ಪರಿಸ್ಥಿತಿ ನಿಮ್ಮ ಪರವಾಗಿದ್ದರೆ ಎರಡು ದಾಳ ಒಗೆದು ದೊಡ್ಡದನ್ನು ಇಟ್ಟುಕೊಳ್ಳಿ. ಹನ್ನೊಂದು ಅಥವಾ ಅದಕ್ಕಿಂತ ಹೆಚ್ಚು ಬರುವ ಸಂಭವ ನೂರಕ್ಕೆ 50 ಇದ್ದದ್ದು 75 ಆಗುತ್ತದೆ, ಕೂಡುವ ಕಳೆಯುವ ತಲೆನೋವಿಲ್ಲ. ನನಗೆ ಇದು ಬಹಳ ಹಿಡಿಸಿತು.

ಮುಂದಿನದು ಅಂಕದ ಜಗಳ. ನಾನು ಮಾಸ್ತರ, ಇದು ನನಗೆ ಬೇಗ ಅರ್ಥವಾಯಿತು. ಯಾವ ಪಾಠಕ್ಕೆ ಮಾರ್ಕ್ಸ್ ಉಂಟೋ ಅದನ್ನೇ ಮಕ್ಕಳು ಓದುತ್ತಾರೆ. ಪಾತ್ರ ಬಲಿಯಬೇಕಾದರೆ ಅನುಭವದ ಅಂಕ ಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೊದಲ ವರ್ಷಗಳಲ್ಲಿ ನೆಲಮಾಳಿಗೆಯಿಂದ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅಂಕ ಇತ್ತು. 1975ರ 'ಗ್ರೇಹಾಕ್' ಪುರವಣಿ ರಾಕ್ಷಸರನ್ನು ಕೊಂದರೆ ಸಿಗುವ ಅಂಕವನ್ನು ಬಹಳ ಇಳಿಸಿತು. ಆಡುವವರು ಏನು ಮಾಡಿದರು? ರಾಕ್ಷಸ ಮಲಗಿದ್ದರೆ ಎಬ್ಬಿಸಲಿಲ್ಲ, ಚೀಲ ತುಂಬಿಕೊಂಡು ಮೆಲ್ಲಗೆ ಜಾರಿದರು. 1989ರ ಎರಡನೆಯ ಆವೃತ್ತಿ ಚಿನ್ನದ ಅಂಕವನ್ನು "ಬೇಕಾದರೆ ಇಟ್ಟುಕೊಳ್ಳಿ" ಎಂಬಲ್ಲಿಗೆ ಸರಿಸಿತು. 2000ದ ಮೂರನೆಯ ಆವೃತ್ತಿಯಲ್ಲಿ ಅಂಕ ಬಹುಪಾಲು ಎದುರಾಳಿಗಳನ್ನು ಸೋಲಿಸಿದ್ದಕ್ಕೆ. ಆಡುವವರು ಕತ್ತಿ ಹಿರಿದರು. ಕಥೆ ಅದೇ, ನೆಲಮಾಳಿಗೆ ಅದೇ, ಒಂದು ಸಾಲಿನ ನಿಯಮ ಬದಲಾದದ್ದಕ್ಕೆ ಜನರ ಸ್ವಭಾವವೇ ಬದಲಾಯಿತು.

ಈ ಆಟದ ಹಳೆಯ ಮಂತ್ರದ ನಿಯಮ ಇಂಗ್ಲಿಷ್ ಓದುಗರಿಗೆ ವಿಚಿತ್ರವಾಗಿ ಕಂಡಿದೆ, ನಮಗೆ ಕಾಣಬಾರದು. ಮೊದಲ ಆವೃತ್ತಿಗಳಲ್ಲಿ ಬೆಳಿಗ್ಗೆ ಮಂತ್ರ ಉರು ಹೊಡೆಯಬೇಕಿತ್ತು, ಒಮ್ಮೆ ಹೇಳಿದರೆ ಮರೆತುಹೋಗುತ್ತಿತ್ತು, ಮತ್ತೆ ಬೇಕಾದರೆ ಮತ್ತೆ ಉರು. ಜ್ಯಾಕ್ ವ್ಯಾನ್ಸ್ ಎಂಬ ಲೇಖಕನ 1950ರ 'ದಿ ಡೈಯಿಂಗ್ ಅರ್ಥ್' ಪುಸ್ತಕದಿಂದ ಗೈಗ್ಯಾಕ್ಸ್ ತಂದ ಪದ್ಧತಿ ಇದು. "ಮಂತ್ರ ಮರೆಯೋದು ಎಂಥ ಹುಚ್ಚು" ಎಂದು ದಶಕಗಟ್ಟಲೆ ಜಗಳಾಡಿದ್ದಾರೆ. ಕರ್ಣನನ್ನು ನೆನೆಯಿರಿ. ಪರಶುರಾಮನ ಶಾಪದಿಂದ ಬೇಕಾದ ಹೊತ್ತಿಗೇ ಅಸ್ತ್ರದ ಮಂತ್ರ ಮರೆಯಿತು. ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದೇ ಸಲಕ್ಕೆ. ಅರ್ಜುನನಿಗೆಂದು ಇಟ್ಟುಕೊಂಡದ್ದು ಘಟೋತ್ಕಚನ ಮೇಲೆ ಮುಗಿದುಹೋಯಿತು. ಈಗಲೇ ಬಿಡಲೋ ನಾಳೆಗೆ ಉಳಿಸಲೋ ಎಂಬ ಸಂಕಟ ಹುಟ್ಟಿಸುವುದಕ್ಕೇ ಈ ನಿಯಮ ಇದ್ದದ್ದು.

ಇಷ್ಟು ಪುಸ್ತಕದ ಮಾತು. ಈಗ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ನಾನು ಸಾರಥಿಯಾಗಿ ಆಡಿಸುವ ಕಟ್ಟೆಯ ಮೇಲಿನದು.

ನಮ್ಮ ಹುಡುಗರ ಹತ್ತಿರ 20 ಮುಖದ ದಾಳ ಇರಲಿಲ್ಲ. ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಊಟದ ಸ್ಟೀಲ್ ಡಬ್ಬಿಗೆ ಹಾಕಿ ಕುಲುಕಿ ಎತ್ತುತ್ತಿದ್ದೆವು. ಅವತ್ತು ಕೋಟೆಯ ಬಾಗಿಲು. ಪೈಲ್ವಾನನ ಪಾತ್ರ ಹಾಕಿದ ಹುಡುಗಿ ಮಾತಿನ ಮಲ್ಲಿ. ದಖನಿಯಲ್ಲಿ ಶುರುಮಾಡಿ, ಮರಾಠಿಗೆ ಹೊರಳಿ, ಕಾವಲುಗಾರನ ಊರು ಕೇಳಿ, ಅವನನ್ನು "ಮಾಮು" ಮಾಡಿಕೊಂಡು, ಅವನ ತಾಯಿಯ ಮೊಣಕಾಲು ನೋವಿಗೆ ಔಷಧ ಹೇಳಿದಳು. ಎಲ್ಲರೂ ನಕ್ಕು ಸುಸ್ತು. ನಾನು ಬಾಗಿಲು ತೆಗೆಸಿಬಿಟ್ಟೆ, ಚೀಟಿ ಎತ್ತಿಸಲಿಲ್ಲ.

ಮೂಲೆಯಲ್ಲಿ ಕೂತಿದ್ದ ಹುಡುಗ ಎದ್ದ. ಅವನ ಪಾತ್ರ ಮಾತುಗಾರ ವ್ಯಾಪಾರಿ. ಅವನಿಗೋ ನಾಲ್ಕು ಮಂದಿಯ ಮುಂದೆ ಬಾಯಿ ಏಳುವುದಿಲ್ಲ. "ಸರ್, ಮಾತಾಡೋ ಶಾಣ್ಯಾತನ ನನ್ ಪಾತ್ರಕ್ಕ ಬರ್ದೀವಿ. ಆಕಿ ಪೈಲ್ವಾನಗ ಬುದ್ಧಿ ಕಮ್ಮಿ ಅಂತ ಬರ್ದೀವಿ. ಆಕಿ ಮಾತಾಡಿದ್ರ ಬಾಗ್ಲ ತೆಗೀತದ, ನಾ ಮಾತಾಡ್ಬೇಕಂದ್ರ ಚೀಟಿ ಎತ್ತಬೇಕು. ಇದ್ಯಾವ ನ್ಯಾಯ?"

ಹುಡುಗಿಗೂ ಉತ್ತರವಿತ್ತು. "ಹಂಗಾರ ನಾ ಯಾಕ್ ಮಾತಾಡ್ಲಿ? ಬರೇ ಚೀಟಿ ಎತ್ಕೋತ ಕೂಡೂಣು."

ಇಬ್ಬರದೂ ಸರಿ. ಐವತ್ತು ವರ್ಷಗಳಿಂದ ಈ ಆಟದವರು ಹೊಡೆದಾಡುತ್ತಿರುವ ದೊಡ್ಡ ಪ್ರಶ್ನೆ ಇದೇ: ಆಡುವವರ ಜಾಣತನವೋ, ಪಾತ್ರದ ಜಾಣತನವೋ? ದೊಡ್ಡಾಟದ ಭೀಮನಿಗೆ ನಿಜವಾದ ಗದೆ ಎತ್ತುವ ತೋಳು ಬೇಕಿಲ್ಲ, ಬಣ್ಣದ ಕಟ್ಟಿಗೆ ಸಾಕು. ಆದರೆ ಮಾತು ಮಾತ್ರ ಅವನದೇ ಇರಬೇಕು, ಅದಕ್ಕೆ ಕಟ್ಟಿಗೆಯ ಬದಲಿ ಇಲ್ಲ. ನಾಚುವ ಹುಡುಗನಿಗೂ ಒಂದು ಸಂಜೆ ಮಾತುಗಾರನಾಗುವ ಆಸೆ ಇರುತ್ತದಲ್ಲ, ಈ ಆಟದ ನಿಯಮ ಅವನಿಗೆ ಕೊಡುವುದು ಆ ಕಟ್ಟಿಗೆಯ ಗದೆಯನ್ನು. ನಾನು ಅದನ್ನು ಅವನ ಕೈಯಿಂದ ಕಸಿದಿದ್ದೆ.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವುದು ಭೀಷ್ಮ. ಕೌರವರ ಸಭೆಯಲ್ಲಿ ದ್ರೌಪದಿ ಕೇಳಿದ್ದು ಶುದ್ಧ ನಿಯಮದ ಪ್ರಶ್ನೆ: ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನೋ? ತಾನೇ ದಾಸನಾದ ಮೇಲೆ ಪಣ ಒಡ್ಡುವ ಹಕ್ಕು ಅವನಿಗೆಲ್ಲಿ? ವಿಕರ್ಣ ಅವಳ ಪರ ವಾದಿಸಿದ, ಕರ್ಣ ಎದುರು ವಾದಿಸಿದ. ಭೀಷ್ಮ ಧರ್ಮ ಸೂಕ್ಷ್ಮ ಎಂದು ಕೈಚೆಲ್ಲಿದ. ಹದಿಮೂರು ವರ್ಷದ ಮೇಲೆ ವಿರಾಟನ ಗಡಿಯಲ್ಲಿ ಇನ್ನೊಂದು ನಿಯಮದ ಜಗಳ: ಅಜ್ಞಾತವಾಸದ ಅವಧಿ ಮುಗಿಯಿತೋ ಇಲ್ಲವೋ? ಆಗ ಅದೇ ಭೀಷ್ಮ ಐದು ವರ್ಷಕ್ಕೆ ಎರಡು ಅಧಿಕ ಮಾಸದ ಲೆಕ್ಕ ಹಾಕಿ, ಮುಗಿದಿದೆ ಎಂದು ತಟ್ಟನೆ ಹೇಳಿದ. ಎಣಿಕೆಯ ಜಗಳಕ್ಕೆ ಪುಸ್ತಕ ಸಾಕು. ಹಕ್ಕಿನ ಜಗಳಕ್ಕೆ ಪುಸ್ತಕ ಸಾಲದು, ಅಲ್ಲಿ ಕೂತವರು ಬಾಯಿ ಬಿಡಬೇಕು. ಹೊಸದಾಗಿ ಸಾರಥಿಯಾಗುವವರು ಕಲಿಯಬೇಕಾದ ಒಂದೇ ಸಂಗತಿ ಕೇಳಿದರೆ ಇದನ್ನೇ ಹೇಳುತ್ತೇನೆ: ಮುಂದೆ ಬಂದ ಜಗಳ ಯಾವ ಜಾತಿಯದು ಎಂದು ಮೊದಲು ನೋಡಿ. ಮಂತ್ರ ಎಷ್ಟು ಮಾರು ದೂರ ಮುಟ್ಟುತ್ತದೆ ಎಂದು ಕೇಳಿದರೆ ಪುಟ ತಿರುವಿ. "ಇದ್ಯಾವ ನ್ಯಾಯ" ಎಂದು ಕೇಳಿದರೆ ಪುಸ್ತಕ ಮುಚ್ಚಿಡಿ.

ಪುಸ್ತಕವೊಂದೇ ಸಾಲದು ಎಂಬುದನ್ನು ಸೈನ್ಯದವರೂ ತಡವಾಗಿ ಕಂಡುಕೊಂಡರು. 1824ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್ವಿಟ್ಜ್ ಯುದ್ಧ ಕಲಿಸುವ ಆಟಕ್ಕೆ ಕೋಷ್ಟಕಗಳ ಮೇಲೆ ಕೋಷ್ಟಕ ಬರೆದ. 1876ರಲ್ಲಿ ಫಾನ್ ವೆರ್ಡಿ ಎಂಬ ಸೇನಾನಿ, ಅನುಭವಿ ತೀರ್ಪುಗಾರ ಇದ್ದರೆ ಕೋಷ್ಟಕ ಯಾಕೆ, ಅವನೇ ಹೇಳಲಿ ಎಂದ. ತೀರ್ಪುಗಾರ ಶಾಣ್ಯಾ ಇದ್ದರೆ ಸರಿ, ಇಲ್ಲದಿದ್ದರೆ ದೇವರೇ ಗತಿ.

ನಮ್ಮ ಕಟ್ಟೆಯ ಮೇಲೆ ಅವತ್ತು ಎಲ್ಲರೂ ಬಾಯಿ ಬಿಟ್ಟರು. ಕೊನೆಗೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆವು: ಎಲ್ಲರೂ ಚೀಟಿ ಎತ್ತಬೇಕು. ಚೆನ್ನಾಗಿ ಮಾತಾಡಿದರೆ ಎರಡು ಚೀಟಿ ಎತ್ತಿ ದೊಡ್ಡದು ಇಟ್ಟುಕೊಳ್ಳಬಹುದು. ಮಾತು ಬಾರದವರು ಏನು ಹೇಳಬೇಕೆಂದಿದ್ದೇವೆ ಎಂಬುದನ್ನಷ್ಟೇ ಹೇಳಿದರೂ ಅದು ಚೆನ್ನಾಗಿ ಮಾತಾಡಿದಂತೆಯೇ. ಕೊನೆಯ ಸಾಲು ಹುಡುಗಿಯದೇ.

ಮರುವಾರ ಇನ್ನೊಂದು ಜಗಳ ಎದ್ದಿತು. ಎತ್ತಿದ ಚೀಟಿಯನ್ನು ಯಾರೋ ವಾಪಸ್ ಡಬ್ಬಿಗೆ ಹಾಕಿರಲಿಲ್ಲ. ನಾನು ಬೈಯುವುದರೊಳಗೆ ವ್ಯಾಪಾರಿ ಹುಡುಗ, "ಇರಲಿ ಬಿಡ್ರಿ ಸರ್" ಎಂದ. ಅವನ ಲೆಕ್ಕ ಇಷ್ಟು: ವಾಪಸ್ ಹಾಕದಿದ್ದರೆ ಇಪ್ಪತ್ತು ಸಲದೊಳಗೆ ಪ್ರತಿ ಸಂಖ್ಯೆಯೂ ಒಮ್ಮೆ ಬರಲೇಬೇಕು. ಒಂದು, ಎರಡು, ಮೂರು ಎದ್ದುಹೋದರೆ ಮುಂದೆ ಡಬ್ಬಿಯಲ್ಲಿ ಉಳಿದದ್ದು ದೊಡ್ಡ ದೊಡ್ಡದೇ. ಕೆಟ್ಟ ನಸೀಬು ಖರ್ಚಾಗಿ ತೀರುತ್ತದೆ. ನಿಜವಾದ ದಾಳಕ್ಕೆ ಈ ಗುಣ ಇಲ್ಲ, ಅದಕ್ಕೆ ನಿನ್ನೆಯದು ನೆನಪಿರುವುದಿಲ್ಲ. ಹುಡುಗರು ಯಾರ ಸರದಿಗೆ ಯಾವ ಚೀಟಿ ಉಳಿದಿದೆ ಎಂದು ಬೆರಳು ಮಡಿಸಿ ಎಣಿಸುತ್ತ, ಸಣ್ಣ ಚೀಟಿಗಳನ್ನು ಬೇಕಂತಲೇ ಬೀಗ ಒಡೆಯುವಂಥ ಚಿಲ್ಲರೆ ಕೆಲಸಕ್ಕೆ ಕಳೆದು, ರಾಕ್ಷಸನ ಮುಂದೆ ನಿಲ್ಲುವ ಹೊತ್ತಿಗೆ ಡಬ್ಬಿ ಹದ ಮಾಡಿಟ್ಟುಕೊಂಡಿದ್ದರು. ನಾನು ಇಪ್ಪತ್ತು ಮುಖದ ದಾಳ ತರಿಸಿಕೊಟ್ಟೆ. ಅದು ಮೇಜಿನ ಖಾನೆಯಲ್ಲಿದೆ. ಅವರು ಇನ್ನೂ ಡಬ್ಬಿಯನ್ನೇ ಕುಲುಕುತ್ತಾರೆ.