ಊರಿನ ಮನೆಗೆ ಶೌಚಗುಂಡಿ: ನೆಲವನ್ನೂ ನೀರನ್ನೂ ನೋಡುವ ಕ್ರಮ



ಠಾಕುರ್ಲಿಯ ಬಾಡಿಗೆ ಕೋಣೆಯಲ್ಲಿ ದಿನ ಕಳೆಯುತ್ತಿದ್ದರೂ ಊರಿನಲ್ಲೊಂದು ಮನೆ ಕಟ್ಟಿಸಬೇಕೆಂಬ ಆಸೆ ನಮ್ಮಲ್ಲಿ ಹಲವರಿಗುಂಟು. ಗೋಡೆ, ಮಾಡು, ಬಾಗಿಲುಗಳ ವಿಚಾರವಾಗಿ ತಿಂಗಳುಗಟ್ಟಲೆ ಯೋಚಿಸುತ್ತೇವೆ. ಕಕ್ಕಸಿನ ಗುಂಡಿಯನ್ನು ಮಾತ್ರ "ಹಿತ್ತಿಲಲ್ಲಿ ಎಲ್ಲಾದರೂ ತೋಡಿಸಿ" ಎಂದು ಮೇಸ್ತ್ರಿಗೆ ಒಪ್ಪಿಸಿ ರೈಲು ಹತ್ತುತ್ತೇವೆ. ಅದೇ ಹಿತ್ತಿಲಲ್ಲಿ ಕುಡಿಯುವ ನೀರಿನ ಬಾವಿಯೂ ಇದೆ ಎಂಬುದು ಮರೆತುಹೋಗುತ್ತದೆ.

ಸೆಪ್ಟಿಕ್ ಟ್ಯಾಂಕು ಕೊಳೆಯನ್ನು ಶುದ್ಧಮಾಡುತ್ತದೆಂದು ಅನೇಕರು ತಿಳಿದಿರುವರು. ಅದು ಪೂರ್ತಿ ನಿಜವಲ್ಲ. ಟ್ಯಾಂಕಿನಲ್ಲಿ ಗಟ್ಟಿ ಭಾಗವು ತಳಕ್ಕೆ ಇಳಿದು ಕೊಳೆಯುತ್ತದೆ, ಅಷ್ಟೆ. ಹೊರಗೆ ಹರಿದು ಬರುವ ನೀರಿನಲ್ಲಿ ರೋಗಾಣುಗಳು ತುಂಬಿರುತ್ತವೆ. ಅವನ್ನು ತಡೆಯುವ ಕೆಲಸ ಮಣ್ಣಿನದು. ಗಾಳಿಯಾಡುವ ಒಣಮಣ್ಣಿನ ಕಣಗಳ ನಡುವೆ ನೀರು ಮೆಲ್ಲಗೆ ಇಳಿಯುವಾಗ ಅಣುಗಳು ಅಲ್ಲಲ್ಲೇ ಸಿಕ್ಕಿ ಸಾಯುತ್ತವೆ. ಮಣ್ಣು ನೀರಿನಿಂದ ತುಂಬಿದ್ದರೆ, ಅಥವಾ ಬಿರುಕು ತೂತುಗಳಿದ್ದರೆ, ಕೊಳೆನೀರು ನೇರವಾಗಿ ಬಾವಿಗೆ ಸೇರಬಹುದು.

ಇಲ್ಲಿಯೇ ನಾವು ಮೋಸಹೋಗುವುದು. ನಮಗೆ ರಜೆ ಸಿಗುವುದು ಮೇ ತಿಂಗಳಲ್ಲಿ. ಆಗ ನೆಲ ಒಣಗಿರುತ್ತದೆ, ಬಾವಿಯ ನೀರು ತಳ ಹಿಡಿದಿರುತ್ತದೆ, ಯಾವ ಜಾಗವೂ ಒಳ್ಳೆಯದಾಗಿಯೇ ಕಾಣುತ್ತದೆ. ಒಂದು ಉದಾಹರಣೆ ನೋಡಿ. ಮೇ ತಿಂಗಳಲ್ಲಿ ನೀರು ನೆಲದಿಂದ 8 ಮೀಟರ್ ಕೆಳಗಿದೆ. 2 ಮೀಟರ್ ಆಳದ ಗುಂಡಿ ತೋಡಿದರೆ ತಳಕ್ಕೂ ನೀರಿಗೂ 6 ಮೀಟರ್ ಅಂತರವುಂಟು. ಶ್ರಾವಣದಲ್ಲಿ ನೀರು 2.5 ಮೀಟರಿಗೆ ಏರಿತೆಂದರೆ ಉಳಿಯುವುದು ಬರೇ ಅರ್ಧ ಮೀಟರ್. ಗುಂಡಿಯ ತಳ, ಮಳೆಗಾಲದ ಅತಿ ಎತ್ತರದ ನೀರಿನ ಮಟ್ಟಕ್ಕಿಂತ 2 ಮೀಟರಾದರೂ ಮೇಲಿರಬೇಕು. ಆದುದರಿಂದ ಲೆಕ್ಕ ಹಿಡಿಯಬೇಕಾದದ್ದು ಆಟಿ, ಶ್ರಾವಣದ ನೀರನ್ನು, ವೈಶಾಖದ ನೀರನ್ನಲ್ಲ.

ಕರಾವಳಿಯವರು ವಿಶೇಷವಾಗಿ ಎಚ್ಚರವಹಿಸತಕ್ಕದ್ದು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಯ ಮುರಕಲ್ಲು ತೂತುತೂತಾಗಿರುವುದರಿಂದ ನೀರು ಬೇಗ ಇಂಗುತ್ತದೆ. ಇದು ಗುಣವೆಂದು ತೋರಿದರೂ ದೋಷವೇ. ಬೇಗ ಇಂಗಿದ ನೀರು ಸೋಸಲ್ಪಡುವುದಿಲ್ಲ. ಕೆಳಗೆ ಶೇಡಿಮಣ್ಣು ಇದ್ದಲ್ಲಿ ನೀರು ಅದರ ಮೇಲೆ ಅಡ್ಡಕ್ಕೆ ಹರಿದು ಬಾವಿಗೆ ಇಳಿಯುತ್ತದೆ. ವಿಜಯಪುರ, ಕಲಬುರಗಿಯ ಎರೆಭೂಮಿಯದು ಬೇರೆ ಸ್ವಭಾವ. ಬೇಸಗೆಯಲ್ಲಿ ಬಿರುಕು ಬಿಟ್ಟು ಎಷ್ಟು ನೀರು ಹೊಯ್ದರೂ ಕುಡಿಯುತ್ತದೆ; ಮಳೆ ಬಿದ್ದೊಡನೆ ಉಬ್ಬಿ ಬಾಯಿ ಮುಚ್ಚುತ್ತದೆ. ಆಗ ಗುಂಡಿ ತುಂಬಿ ಅಂಗಳಕ್ಕೆ ಹರಿಯುತ್ತದೆ. ಇನ್ನು ನಮ್ಮ ಕಲ್ಯಾಣದ ಸುತ್ತಲಿನ ಹಳ್ಳಿಗಳಲ್ಲಿ ಜಾಗ ಕೊಳ್ಳುವವರು ಮಣ್ಣಿನ ಕೆಳಗಿನ ಕರಿಬಂಡೆಯ ಬಿರುಕುಗಳನ್ನು ಲಕ್ಷ್ಯದಲ್ಲಿಡಬೇಕು.

ಪರೀಕ್ಷೆಯ ಕ್ರಮ ಹೀಗಿದೆ. ಕೊಳೆನೀರು ಇಂಗಬೇಕಾದ ಆಳದಲ್ಲಿ 10ರಿಂದ 30 ಸೆಂಟಿಮೀಟರ್ ಅಗಲದ ಕುಳಿ ತೆಗೆಯಿರಿ. ತಳಕ್ಕೆ 5 ಸೆಂಟಿಮೀಟರ್ ಜಲ್ಲಿ ಹಾಕಿ, ಅದರ ಮೇಲೆ 30 ಸೆಂಟಿಮೀಟರ್ ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಒಣಮಣ್ಣು ಉಬ್ಬಿ ಮಳೆಗಾಲದ ಸ್ಥಿತಿಗೆ ಬರಲೆಂದೇ ಈ ಏರ್ಪಾಡು; ಇದನ್ನು ಬಿಟ್ಟರೆ ಪರೀಕ್ಷೆ ವ್ಯರ್ಥ. ಮರುದಿನ ಜಲ್ಲಿಯ ಮೇಲೆ 15 ಸೆಂಟಿಮೀಟರ್ ನೀರು ನಿಲ್ಲಿಸಿ, 30 ನಿಮಿಷದಲ್ಲಿ ಎಷ್ಟು ಇಳಿಯಿತೆಂದು ಅಳೆಯಿರಿ. 2.5 ಸೆಂಟಿಮೀಟರ್ ಇಳಿಯಲು 30 ನಿಮಿಷದೊಳಗೆ ಸಾಕಾದರೆ ಇಂಗುಗುಂಡಿ ಆದೀತು. 30ರಿಂದ 60 ನಿಮಿಷ ಬೇಕಾದರೆ ಗುಂಡಿ ಬೇಡ, ಉದ್ದನೆಯ ಇಂಗುಕಾಲುವೆ ಮಾಡಬೇಕು. 60 ನಿಮಿಷ ಮೀರಿದರೆ ಆ ನೆಲವನ್ನು ನಂಬದೆ ಬೇರೆ ಶೋಧಕವನ್ನು ಕಟ್ಟಿಸಬೇಕು. ಅರ್ಧ ಗಂಟೆಯಲ್ಲಿ 5 ಸೆಂಟಿಮೀಟರ್ ಇಳಿದರೆ ಲೆಕ್ಕ 15 ನಿಮಿಷವಾಯಿತು, ಉತ್ತಮ. 1 ಸೆಂಟಿಮೀಟರ್ ಮಾತ್ರ ಇಳಿದರೆ 75 ನಿಮಿಷ, ಅಯೋಗ್ಯ. ಕಣ್ಣೆದುರಿಗೇ ನೀರು ಮಾಯವಾದರೆ ಸಂತೋಷಪಡಬೇಡಿ. ಅದು ತೂತಿನ ಅಥವಾ ಬಿರುಕಿನ ಗುರುತು.

ಇಂಗುಗುಂಡಿಗೂ ಕುಡಿಯುವ ನೀರಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರವಿರಬೇಕೆಂದು ಭಾರತೀಯ ಮಾನಕ 2470 ಹೇಳುತ್ತದೆ. ಮುರಕಲ್ಲು, ಬಿರುಕುಬಂಡೆಗಳಲ್ಲಿ ಅದಕ್ಕೂ ಹೆಚ್ಚು ದೂರ ಒಳ್ಳೆಯದು. ಇಳಿಜಾರಿನಲ್ಲಿ ಬಾವಿ ಮೇಲಕ್ಕೂ ಗುಂಡಿ ಕೆಳಕ್ಕೂ ಇರತಕ್ಕದ್ದು. ಅಳೆಯುವಾಗ ನೆರೆಮನೆಯವರ ಬಾವಿಯನ್ನೂ ಸೇರಿಸಿರಿ. ಬೇಲಿ ನೆಲದ ಮೇಲಿದೆ, ನೆಲದೊಳಗಿನ ನೀರಿಗೆ ಬೇಲಿಯಿಲ್ಲ. ಮಳೆಗಾಲದಲ್ಲಿ ನೀರು 1.8 ಮೀಟರಿಗಿಂತಲೂ ಮೇಲೆ ಬರುವಲ್ಲಿ ಗುಂಡಿ ತೋಡದೆ, ಮಣ್ಣು ಏರಿಸಿದ ದಿಣ್ಣೆಯಲ್ಲಿ ಇಂಗುಕಾಲುವೆ ಮಾಡಿಸಬೇಕು.

ಈ ವರ್ಷ ಮನೆ ಕಟ್ಟಿಸುವ ವಿಚಾರವಿಲ್ಲದಿದ್ದರೂ ಒಂದು ಕೆಲಸವನ್ನು ಖರ್ಚಿಲ್ಲದೆ ಮಾಡಬಹುದು. ಆಟಿಯ ಮಳೆ ಜೋರಾಗಿರುವಾಗ ಊರಿಗೆ ಫೋನು ಮಾಡಿ, ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯ ಕಟ್ಟೆಯಿಂದ ನೀರಿನವರೆಗೆ ಅಳೆಯುವಂತೆ ಅಣ್ಣನಿಗೋ ತಮ್ಮನಿಗೋ ಹೇಳಿರಿ. ಅದರಲ್ಲಿ ಕಟ್ಟೆಯ ಎತ್ತರವನ್ನು ಕಳೆದು, ತಾರೀಖಿನೊಡನೆ ಬರೆದಿಡಿ. ಮೇ ತಿಂಗಳಲ್ಲಿ ಮೇಸ್ತ್ರಿಯ ಎದುರು ಕೂರುವಾಗ ಆ ಚೀಟಿ ನಿಮ್ಮ ಕಿಸೆಯಲ್ಲಿರಲಿ.