ಪರದೇಶದ ಶಿಶುಗೃಹದಲ್ಲಿ ಮೊದಲ ದಿನಗಳು

ದತ್ತು ಮಗುವಿಗಾಗಿ ಪರದೇಶಕ್ಕೆ ಹೊರಟಿರುವ ಕಿರಿಯರಿಗೆ,

ದತ್ತು ಆದೇಶ ಕೈಗೆ ಬರುವ ಮುಂಚೆಯೇ ತಂದೆತಾಯಿಯಾಗಲಿರುವವರು ಮಗುವಿನ ದೇಶಕ್ಕೆ ಹೋಗಿ ಅದರೊಂದಿಗೆ ಕೆಲವು ದಿನ ಕಳೆಯಬೇಕೆಂದು ಹಲವು ದೇಶಗಳ ಕಾನೂನು ವಿಧಿಸುತ್ತದೆ. ಬಲ್ಗೇರಿಯದಲ್ಲಿ ಈ ಮೊದಲ ಭೇಟಿ ಕನಿಷ್ಠ 5 ದಿನದ್ದು. ಆಮೇಲೆ ಸೋಫಿಯಾ ನಗರ ನ್ಯಾಯಾಲಯದ ತೀರ್ಪಿಗೆ ತಿಂಗಳುಗಟ್ಟಲೆ ಕಾದು, ಮಗುವನ್ನು ಕರೆತರಲು ಮತ್ತೊಮ್ಮೆ ಹೋಗಬೇಕು. ಕಜಕಸ್ತಾನದ ಶಿಶುಗೃಹಗಳಿಗೆ ಅಮೆರಿಕದ ಕುಟುಂಬಗಳು ಹೋಗುತ್ತಿದ್ದ ಕಾಲದಲ್ಲಿ ಅಲ್ಲಿನ ನಿಯಮ ಕನಿಷ್ಠ 2 ವಾರದ ಒಡನಾಟ ಕೇಳುತ್ತಿತ್ತು. ಭಾರತದಲ್ಲಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ (ಕಾರಾ) ನಿರಾಕ್ಷೇಪಣಾ ಪತ್ರ ಕೊಟ್ಟ ಮೇಲೆ, ಜಿಲ್ಲಾಧಿಕಾರಿಯ ಆದೇಶಕ್ಕೆ ಮೊದಲೇ, ಮಗುವನ್ನು ದತ್ತುಪೂರ್ವ ಪೋಷಣೆಗೆ ಒಪ್ಪಿಸಲು ಅವಕಾಶವಿದೆ. ಹೊರದೇಶದಲ್ಲಿ ನೆಲೆಸಿದ ಕನ್ನಡಿಗರು ಕರ್ನಾಟಕದ ಮಗುವಿಗಾಗಿ ಬಂದಾಗ ನೆರವಾಗುವುದು ಈ ಅವಕಾಶವೇ.

ಈ ದಿನಗಳಲ್ಲಿ ಮಗು ತಮಗೆ ಅಂಟಿಕೊಳ್ಳಬೇಕೆಂದು ಹೊಸ ತಂದೆತಾಯಿ ಆಸೆಪಡುವುದು ಸಹಜ. ಆದರೆ ಅದು ವಯಸ್ಸಿನ ಮೇಲೆ ನಿಂತಿರುತ್ತದೆ. ಮೂರ್ನಾಲ್ಕು ತಿಂಗಳ ಕೂಸು ಯಾರೆತ್ತಿಕೊಂಡರೂ ಬರುತ್ತದೆ. ಏಳೆಂಟು ತಿಂಗಳಾಯಿತೆಂದರೆ ಹೊಸಮುಖ ಕಂಡು ಅಳುತ್ತದೆ, ಆಯಾಳ ಸೆರಗೋ ಅಂಗಿಯೋ ಹಿಡಿದುಕೊಳ್ಳುತ್ತದೆ. ಈ ಅಳು ಕಂಡು ಎದೆಗುಂದಬೇಕಾಗಿಲ್ಲ. ಒಬ್ಬರನ್ನು ನಂಬಲು ಕಲಿತ ಮಗು ಇನ್ನೊಬ್ಬರನ್ನೂ ನಂಬಬಲ್ಲದು. ಅಪರಿಚಿತರು ಕೈಚಾಚಿದೊಡನೆ ನಗುತ್ತಾ ಹೋಗಿಬಿಡುವ ಒಂದೂವರೆ ವರ್ಷದ ಮಗುವಿನ ವಿಷಯದಲ್ಲೇ ಹೆಚ್ಚು ತಾಳ್ಮೆ ಬೇಕಾಗುತ್ತದೆ. ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ಈ ನಡವಳಿಕೆಯನ್ನು ಸಂಶೋಧಕರು ಮತ್ತೆ ಮತ್ತೆ ಗುರುತಿಸಿದ್ದಾರೆ.

ಮಕ್ಕಳ ಅಗಲಿಕೆಯನ್ನು ಅಧ್ಯಯನ ಮಾಡಿದ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ, ಆಸ್ಪತ್ರೆಗೆ ಸೇರಿ ತಾಯಿಯಿಂದ ದೂರವಾದ ಎರಡು ವರ್ಷದ ಹುಡುಗಿಯೊಬ್ಬಳ ಕುರಿತು ಚಿತ್ರ ಮಾಡಿದರು. ಅಗಲಿಕೆಯ ನೋವು ಮೂರು ಹಂತಗಳಲ್ಲಿ ಕಾಣಿಸಿಕೊಳ್ಳುತ್ತದೆಂದು ಅವರೂ ಮನೋವೈದ್ಯ ಜಾನ್ ಬೌಲ್ಬಿಯೂ ವಿವರಿಸಿದರು: ಮೊದಲು ರಚ್ಚೆ, ಬಳಿಕ ಹತಾಶೆ, ಕೊನೆಗೆ ಯಾರೂ ಬೇಡವೆನ್ನುವಂಥ ವಿಮುಖತೆ. ಆಯಾಳನ್ನು ಬಿಟ್ಟುಬಂದ ಮಗು ಎರಡು ದಿನ ಅತ್ತು ಮೂರನೆಯ ದಿನ ಸುಮ್ಮನಾದರೆ ಹೊಂದಿಕೊಂಡಿತೆಂದು ಹಿಗ್ಗುವುದು ಅವಸರವಾದೀತು. ಆ ಮೌನವೂ ದುಃಖವೇ ಆಗಿರಬಹುದು.

ಆದ್ದರಿಂದ ಶಿಶುಗೃಹದಲ್ಲಿ ಮೊದಲು ಸ್ನೇಹ ಬೆಳೆಸಬೇಕಾದದ್ದು ಮಗುವನ್ನು ದಿನವೂ ನೋಡಿಕೊಳ್ಳುವ ಆಯಾಳೊಂದಿಗೆ. ಮಗುವಿನ ಫೈಲಿನಲ್ಲಿ ತೂಕ, ಲಸಿಕೆ, ರಕ್ತಪರೀಕ್ಷೆ ಇರುತ್ತವೆ. ಮಗು ಯಾವ ಮಗ್ಗುಲಿಗೆ ಮಲಗುತ್ತದೆ, ತಟ್ಟಿದರೆ ನಿದ್ದೆ ಬರುತ್ತದೆಯೋ ತೂಗಿದರೋ ಎಂಬುದು ಇರುವುದಿಲ್ಲ. ಹಾಲಿನ ಬಾಟಲಿಯನ್ನೇ ನೋಡಬಹುದು. ಒಬ್ಬಳೇ ಹತ್ತಾರು ಕೂಸುಗಳಿಗೆ ಹಾಲು ಕುಡಿಸಬೇಕಾದ ಕಡೆ ಬೇಗ ಮುಗಿಯಲೆಂದು ನಿಪ್ಪಲ್ಲಿನ ತೂತನ್ನು ದೊಡ್ಡದು ಮಾಡುವುದುಂಟು. ಗಟಗಟ ಕುಡಿದು ರೂಢಿಯಾದ ಮಗುವಿಗೆ ಹೊಸ ಬಾಟಲಿಯಿಂದ ಚೀಪಿದರೂ ಹಾಲು ಸಾಲದೆನ್ನಿಸಿ ಸಿಟ್ಟು ಬರುತ್ತದೆ. ಆಯಾಳ ಕೈಯನ್ನು ಒಂದು ಹೊತ್ತು ಗಮನಿಸಿದವರಿಗೆ ಕಾರಣ ತಿಳಿಯುತ್ತದೆ, ಅದೇ ಬಗೆಯ ನಿಪ್ಪಲ್ ಕೇಳಿ ಪಡೆಯುತ್ತಾರೆ. ಅವಳ ಭಾಷೆ ಬಾರದಿದ್ದರೆ ದುಭಾಷಿಯ ಒಂದು ಗಂಟೆಯನ್ನು ಕಚೇರಿ ಮಾತಿನಿಂದ ಉಳಿಸಿ ಅವಳಿಗೆಂದೇ ಮೀಸಲಿಡುವುದು ಲೇಸು.

ಭೇಟಿ ಪ್ರತಿದಿನ ಒಂದೇ ಹೊತ್ತಿಗೆ ಆದಷ್ಟೂ ಒಳ್ಳೆಯದು. ನೆಲದ ಮೇಲೆ ಕುಳಿತು ಮಗು ತಾನಾಗಿ ಹತ್ತಿರ ಬರುವವರೆಗೆ ಕಾಯಬೇಕು. ಆಟಿಕೆ ಒಂದೆರಡು ಸಾಕು. ಎರಡು ಪ್ರಯಾಣಗಳ ನಡುವೆ ಬಿಡುವಿದ್ದರೆ, ತಂದೆತಾಯಿ ಕೆಲವು ರಾತ್ರಿ ಹೊದ್ದ ಬಟ್ಟೆಯನ್ನೂ ಫೋಟೊಗಳನ್ನೂ ಅಲ್ಲಿ ಬಿಟ್ಟುಬರಬಹುದು. ಕರೆತರುವಾಗ ಮಗುವಿನ ಹಾಸಿಗೆಯ ಬಟ್ಟೆಯನ್ನು ಒಗೆಯದೆ ತರಬೇಕು. ಹೊಸ ಮನೆಯಲ್ಲಿ ಪರಿಚಿತ ವಾಸನೆ ಅದೊಂದೇ.

ಮನೆ ಸೇರಿದ ಮೊದಲ ವಾರಗಳಲ್ಲಿ ಉಣಿಸುವುದು, ಮೀಯಿಸುವುದು, ಮಲಗಿಸುವುದು ತಂದೆತಾಯಿಯ ಕೈಯಲ್ಲೇ ಇರಲಿ. ಅಜ್ಜಿ ತಾತಂದಿರಿಗೆ ಇದು ಕಷ್ಟ, ಅವರಿಗೆ ಮುಂಚೆಯೇ ಹೇಳಿಡಬೇಕು. ಭಾರತದಿಂದ ದತ್ತು ಹೋದ ಮಗುವಿನ ಬಗ್ಗೆ 2 ವರ್ಷ ವರದಿ ಹೋಗುತ್ತದೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ. ಆ ವರದಿಗಾಗಿ ಭೇಟಿಗೆ ಬರುವ ಸಮಾಜ ಕಾರ್ಯಕರ್ತರ ಬಳಿ ರಾತ್ರಿಯ ಬೆಚ್ಚುವಿಕೆ, ಊಟದ ಹಟ ಯಾವುದನ್ನೂ ಮುಚ್ಚಿಡಬಾರದು. ನೆರವು ಕೇಳಬೇಕಾದದ್ದೂ ಅವರನ್ನೇ.

ಇಂತಿ,
ಹಿರಿಯ ಹಿತೈಷಿ